ಹೆಸರು ಮರೆತ ಮೇಲೂ

(ನಮ್ಮೂರಿನ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಮರೆವಿನ ಕಾಯಿಲೆ ಬಂದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಕೆಲವರು ಕೇಳಿದ್ದರಿಂದ ಬರೆದು ಕೊಡುತ್ತಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

1901ರ ನವೆಂಬರ್. ಜರ್ಮನಿಯ ಫ್ರಾಂಕ್‌ಫರ್ಟ್‌ನ ಒಂದು ಮಾನಸಿಕ ಆಸ್ಪತ್ರೆ. ಹಾಸಿಗೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ. ವಯಸ್ಸು 51. ರೈಲ್ವೆ ನೌಕರನ ಹೆಂಡತಿ. ದಿಕ್ಕು ತೋಚದ ಮುಖ. ಎದುರಿಗೆ ಕೂತ ವೈದ್ಯರು ಕೇಳುತ್ತಾರೆ, ನಿಮ್ಮ ಹೆಸರೇನು? "ಔಗುಸ್ಟೆ." ಮನೆತನದ ಹೆಸರು? "ಔಗುಸ್ಟೆ." ಗಂಡನ ಹೆಸರು? "ಔಗುಸ್ಟೆ ಅಂತ ಕಾಣುತ್ತೆ."

ಆ ವೈದ್ಯರು ಅಲೋಯ್ಸ್ ಆಲ್ಝೈಮರ್. ಮುಂದೆ ಆ ಕಾಯಿಲೆಗೆ ಅವರ ಹೆಸರೇ ಬಂತು. ಔಗುಸ್ಟೆ 1906ರಲ್ಲಿ ತೀರಿಕೊಂಡಳು. ಅವಳ ಬಗ್ಗೆ ಆಲ್ಝೈಮರ್ ಕೈಯಾರೆ ಬರೆದಿಟ್ಟ ಕಾಗದಗಳು ಎಷ್ಟೋ ವರ್ಷ ಎಲ್ಲಿದ್ದವೆಂದು ಯಾರಿಗೂ ಗೊತ್ತಿರಲಿಲ್ಲ. 1995ರಲ್ಲಿ ಸಿಕ್ಕವು. ಅದರಲ್ಲಿ ಅವಳು ಹೇಳಿದ ಒಂದು ಮಾತು ದಾಖಲಾಗಿದೆ. ತನ್ನ ಹೆಸರು ಬರೆಯಲು ಹೋಗಿ, ನಡುವೆ ನಿಲ್ಲಿಸಿ, ಆಗಾಗ ಅವಳು ಅನ್ನುತ್ತಿದ್ದಳಂತೆ: ನಾನು ನನ್ನನ್ನೇ ಕಳೆದುಕೊಂಡಿದ್ದೇನೆ.

ಈ ಮಾತನ್ನು ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಟ್ಟವನಾಗಿ ಒಂದು ಥರ ಓದಿದ್ದೆ. ನಮ್ಮ ದೊಡ್ಡಮ್ಮನ ಕೊನೆಯ ಏಳು ವರ್ಷ ನೋಡಿದ ಮೇಲೆ ಬೇರೆ ಥರ ಓದುತ್ತೇನೆ. ಕಳೆದುಕೊಂಡಿದ್ದೇನೆ ಅಂತ ಹೇಳಿದವಳು ಯಾರು? ಕಳೆದುಹೋಗಿದ್ದನ್ನು ಗುರುತಿಸುವುದಕ್ಕೆ ಒಳಗೆ ಒಬ್ಬಳು ಇರಲೇಬೇಕು, ಅಲ್ವಾ? ಇವತ್ತು ನಾನು ಮಾತಾಡಬೇಕು ಅಂತಿರುವುದು ಅವಳ ಬಗ್ಗೆ.

ನಮ್ಮ ಕಡೆ ಇದನ್ನು "ಅರಳು ಮರಳು" ಅನ್ನುತ್ತಾರೆ. ಅರವತ್ತಕ್ಕೆ ಅರಳು ಮರಳು. ಆ ಮಾತಿನಲ್ಲಿ ಒಂದು ಸಲಿಗೆ ಇದೆ, ಅದು ನನಗೆ ಇಷ್ಟ. ಆದರೆ ಅದರಿಂದ ಹಾನಿಯೂ ಆಗುತ್ತದೆ. ವಯಸ್ಸಾದ ಮೇಲೆ ಇದು ಸಹಜ ಅಂದುಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೇ ಇಲ್ಲ. ಥೈರಾಯ್ಡ್ ಕಮ್ಮಿಯಾದರೂ ಮರೆವು ಬರುತ್ತದೆ. ಬಿ12 ಕಮ್ಮಿಯಾದರೂ ಬರುತ್ತದೆ. ಅಂಥದ್ದಕ್ಕೆ ಔಷಧಿ ಇದೆ. ದಯವಿಟ್ಟು ಮೊದಲು ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದನ್ನೇ ನೋಡುವ ವೈದ್ಯರಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ.

"ನಾನು" ಅಂದರೆ ನನ್ನ ನೆನಪು. ನಮ್ಮಲ್ಲಿ ಹೆಚ್ಚಿನವರು ಕೇಳಿದ ತಕ್ಷಣ ಹೇಳುವ ಉತ್ತರ ಇದೇ. ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ಒಂದು ಕಥೆ ಕಟ್ಟಿ ಹೇಳಿದರು. ಒಬ್ಬ ರಾಜಕುಮಾರನ ಅರಿವು, ಅವನ ಹಿಂದಿನ ಬದುಕಿನ ನೆನಪೆಲ್ಲ, ಚಪ್ಪಲಿ ಹೊಲಿಯುವವನ ಮೈಯೊಳಗೆ ಬಂದು ಕೂತರೆ ಅವನು ಯಾರು? ಮೈ ಚಪ್ಪಲಿ ಹೊಲಿಯುವವನದೇ ಆದರೂ, ಆ ವ್ಯಕ್ತಿ ರಾಜಕುಮಾರನೇ ಅಂದರು ಲಾಕ್. ಪರಕಾಯ ಪ್ರವೇಶದ ಕಥೆ ಕೇಳಿ ಬೆಳೆದ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅರಿವು ಎಲ್ಲಿಯವರೆಗೆ ಹಿಂದಕ್ಕೆ ಹೋಗಿ ಮುಟ್ಟುತ್ತದೋ ಅಲ್ಲಿಯವರೆಗೆ ನಾನು ನಾನೇ.

ಸುಮಾರು ತೊಂಬತ್ತು ವರ್ಷದ ಮೇಲೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಇದರಲ್ಲೊಂದು ತೊಡಕು ಎತ್ತಿ ತೋರಿಸಿದರು. ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಏಟು ತಿಂದ. ಬೆಳೆದು ಸೈನಿಕ ಅಧಿಕಾರಿಯಾಗಿ, ಮೊದಲ ಯುದ್ಧದಲ್ಲೇ ಶತ್ರುವಿನ ಬಾವುಟ ಕಿತ್ತು ತಂದ. ಆಗ ಅವನಿಗೆ ಏಟು ತಿಂದದ್ದು ನೆನಪಿತ್ತು. ಮುದುಕನಾಗಿ ಸೇನಾಪತಿಯಾದಾಗ ಬಾವುಟ ತಂದದ್ದು ನೆನಪಿದೆ, ಏಟು ತಿಂದದ್ದು ಮರೆತಿದೆ. ಲಾಕ್ ಹೇಳಿದ್ದು ಸರಿಯಾದರೆ ಸೇನಾಪತಿ ಮತ್ತು ಆ ಅಧಿಕಾರಿ ಒಬ್ಬರೇ. ಅಧಿಕಾರಿ ಮತ್ತು ಹುಡುಗ ಒಬ್ಬರೇ. ಆದರೆ ಸೇನಾಪತಿ ಮತ್ತು ಹುಡುಗ ಒಬ್ಬರಲ್ಲ! ಇದು ಹೇಗೆ ಸಾಧ್ಯ?

ಇದು ಬರೀ ಪುಸ್ತಕದ ತರ್ಕ ಅಂತ ಬಹಳ ಕಾಲ ಅನ್ನಿಸಿತ್ತು. ಆಮೇಲೆ ನೆನಪೇ ನಿಲ್ಲದ ಒಬ್ಬ ಮನುಷ್ಯ ನಿಜವಾಗಿಯೂ ಬಂದ.

ಅವನ ಹೆಸರು ಹೆನ್ರಿ ಮೊಲೇಸನ್. ಅಮೆರಿಕದ ಕನೆಕ್ಟಿಕಟ್‌ನವನು. 1926ರಲ್ಲಿ ಹುಟ್ಟಿದ. ಫಿಟ್ಸ್ ಬರುತ್ತಿತ್ತು. ಕೆಲಸ ಮಾಡಲಾಗದಷ್ಟು ಬರುತ್ತಿತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಫಿಟ್ಸ್ ನಿಲ್ಲಿಸಲು ಮೆದುಳಿನ ಎರಡೂ ಪಕ್ಕದಿಂದ ಒಳಭಾಗವನ್ನು ಸ್ವಲ್ಪ ತೆಗೆದರು. ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ ದೊಡ್ಡ ಪಾಲು ಅದರಲ್ಲಿ ಹೋಯಿತು. ಫಿಟ್ಸ್ ಕಮ್ಮಿಯಾಯಿತು. ಆದರೆ ಹೊಸ ನೆನಪು ಉಳಿಯುವುದೇ ನಿಂತುಹೋಯಿತು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ, ಐವತ್ತೈದು ವರ್ಷ, ಹೆನ್ರಿಗೆ ಬಂದವರು ಹೋದವರು, ತಿಂದ ಊಟ, ಓದಿದ ಪತ್ರಿಕೆ, ಯಾವುದೂ ಕೆಲವು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಿಲ್ಲ.

ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವನ ಜೊತೆ ಒಂದು ಪರೀಕ್ಷೆ ಮಾಡಿದರು. ಕಾಗದದ ಮೇಲೆ ಒಂದು ನಕ್ಷತ್ರ. ಅದಕ್ಕೆ ಎರಡು ಗೆರೆಯ ಅಂಚು. ಆ ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕಾಗದವನ್ನು ನೇರ ನೋಡುವ ಹಾಗಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡಬೇಕು. ಮನೆಗೆ ಹೋಗಿ ಮಾಡಿ ನೋಡಿ, ಕೈ ಎತ್ತೆತ್ತಲೋ ಹೋಗುತ್ತದೆ. ಹೆನ್ರಿಯದೂ ಹಾಗೇ ಆಯಿತು. ಮಾರನೇ ದಿನ ಮತ್ತೆ ಮಾಡಿದ. ಅದರ ಮಾರನೇ ದಿನವೂ ಮಾಡಿದ. ಪ್ರತಿ ಸಲ ಅವನಿಗೆ ಅದು ಹೊಸದೇ. ಆದರೆ ಮೂರನೇ ದಿನಕ್ಕೆ ಕೈ ಸಲೀಸಾಗಿ ಹೋಯಿತು. ಆಗ ಅವನೇ ಅಚ್ಚರಿಪಟ್ಟ. ಇದು ಕಷ್ಟ ಇರಬಹುದು ಅಂದುಕೊಂಡಿದ್ದೆ, ಚೆನ್ನಾಗೇ ಬಂದ ಹಾಗಿದೆಯಲ್ಲ ಅಂದ. ಮನಸ್ಸಿಗೆ ತಿಳಿಯದ್ದು ಕೈಗೆ ತಿಳಿದಿತ್ತು.

ಇಲ್ಲಿ ದೊಡ್ಡಮ್ಮನ ಬಗ್ಗೆ ಹೇಳಬೇಕು. ಅವಳದು ಸಾಗರದ ಕಡೆಯ ಅಡಿಕೆ ತೋಟದ ಮನೆ. ಸುಗ್ಗಿ ಬಂತೆಂದರೆ ರಾತ್ರಿ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಎಲ್ಲರೂ ಹಸಿ ಅಡಿಕೆ ಸುಲಿಯಲು ಕೂರುತ್ತಾರೆ. ದೊಡ್ಡಮ್ಮನ ಕೈ ಆ ಸೀಮೆಗೇ ಹೆಸರಾಗಿತ್ತು. ಕಾಯಿಲೆ ಬಂದು ಮೂರು ವರ್ಷವಾದಾಗ ಅವಳಿಗೆ ಹೆತ್ತ ಮಗಳ ಹೆಸರು ಮರೆತಿತ್ತು. ಬಚ್ಚಲು ಮನೆ ಎಲ್ಲಿ ಅಂತ ತಿಳಿಯುತ್ತಿರಲಿಲ್ಲ. ಆ ವರ್ಷ ಸುಗ್ಗಿಯ ಹೊತ್ತಿಗೆ, ಯಾರೋ ಎದ್ದು ಹೋಗಿದ್ದ ಮಣೆಯ ಮೇಲೆ ಹೋಗಿ ಕೂತುಬಿಟ್ಟಳು. ನಮಗೆಲ್ಲ ಎದೆ ಹಾರಿತು, ಕತ್ತಿ ಅಲ್ವಾ. ಅವಳು ಒಂದು ಅಡಿಕೆ ತೆಗೆದುಕೊಂಡಳು. ಸುಲಿದಳು. ಇನ್ನೊಂದು. ಮತ್ತೊಂದು. ಬೆರಳಿಗೆ ಒಂದು ಗೀರೂ ಆಗಲಿಲ್ಲ. ಹೆನ್ರಿಯ ನಕ್ಷತ್ರ ನನಗೆ ನಿಜವಾಗಿ ಅರ್ಥವಾಗಿದ್ದು ಆ ರಾತ್ರಿ.

ಆದರೆ ನಾನು ಹೇಳಬೇಕಾಗಿರುವುದು ಕೈಯ ವಿಷಯ ಅಲ್ಲ. ಆ ರಾತ್ರಿ ಇನ್ನೊಂದು ನಡೆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಹೆನ್ರಿ ಎಂಥವನು? ನೆನಪೇ ನಿಲ್ಲದವನು ಖಾಲಿ ಮಡಕೆಯ ಹಾಗೆ ಇರಬೇಕಿತ್ತು. ಹಾಗಿರಲಿಲ್ಲ. ಸುಝಾನ್ ಕಾರ್ಕಿನ್ ಅನ್ನುವ ವಿಜ್ಞಾನಿ 1962ರಿಂದ ಕೊನೆಯವರೆಗೆ ಅವನನ್ನು ಬಲ್ಲವರು. ಅವರು ಯಾರೆಂದು ಹೆನ್ರಿಗೆ ಒಮ್ಮೆಯೂ ನೆನಪಿರಲಿಲ್ಲ. ಆದರೆ ಎಲ್ಲೋ ನೋಡಿದ ಹಾಗೆ ಅನ್ನಿಸುತ್ತಿತ್ತು, ಬಹುಶಃ ಹೈಸ್ಕೂಲಿನಲ್ಲಿ ಅನ್ನುತ್ತಿದ್ದ. ಆತ ಮೃದು ಸ್ವಭಾವದವನು. ಪದಬಂಧ ಬಿಡಿಸುವುದು ಇಷ್ಟ. ಇವರು ನನ್ನಿಂದ ಕಲಿಯುವುದು ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ ಅನ್ನುವ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಈಗಷ್ಟೇ ನಾನು ಏನಾದರೂ ತಪ್ಪು ಮಾಡಿದೆನಾ, ತಪ್ಪು ಮಾತಾಡಿದೆನಾ ಅನ್ನುವ ಅಳುಕು ಅವನಿಗೆ ಸದಾ ಇತ್ತು. ಯೋಚಿಸಿ ನೋಡಿ. ಹತ್ತು ನಿಮಿಷದ ಹಿಂದೆ ಏನಾಯಿತು ಅಂತ ಗೊತ್ತಿಲ್ಲ. ಆದರೂ ಯಾರ ಮನಸ್ಸನ್ನಾದರೂ ನೋಯಿಸಿದೆನಾ ಅನ್ನುವ ಕಾಳಜಿ ಇದೆ. ಆ ಕಾಳಜಿ ಹಿಪ್ಪೊಕ್ಯಾಂಪಸ್ ಜೊತೆ ಹೋಗಲಿಲ್ಲ.

ಕನ್ನಡಿ ನೋಡಿದಾಗ ಏನನ್ನಿಸುತ್ತದೆ ಅಂತ ಒಮ್ಮೆ ಕೇಳಿದರಂತೆ. ನಾನು ಹುಡುಗ ಅಲ್ಲ ಅಂದನಂತೆ ಹೆನ್ರಿ. ಇಷ್ಟು ಚಿಕ್ಕ ಮಾತು ನನ್ನನ್ನು ಎಷ್ಟೋ ಸಲ ರಾತ್ರಿ ಎಬ್ಬಿಸಿದೆ.

ಹೆನ್ರಿಯ ಹಾಗೆ ಕೆನಡಾದಲ್ಲಿ ಒಬ್ಬರಿದ್ದರು, ಕೆಂಟ್ ಕಾಕ್ರೇನ್. 1981ರಲ್ಲಿ ಮೋಟಾರ್ ಸೈಕಲ್ ಅಪಘಾತ. ಅವರ ಮರೆವು ಇನ್ನೂ ವಿಚಿತ್ರ. ಲೋಕದ ವಿಷಯ ಗೊತ್ತು, ತನ್ನ ಮನೆ ಎಲ್ಲಿದೆ ಅಂತ ಗೊತ್ತು. ಆದರೆ ತನ್ನ ಬದುಕಿನ ಒಂದೇ ಒಂದು ಘಟನೆಯನ್ನೂ, ಅಪಘಾತಕ್ಕೆ ಮುಂಚಿನದನ್ನೂ, ಒಳಗೆ ಮತ್ತೆ ನಡೆದ ಹಾಗೆ ನೆನಪಿಸಿಕೊಳ್ಳಲಾಗದು. ಅಪಘಾತದ ನಂತರ ಅವರ ಸ್ವಭಾವವೂ ಬದಲಾಗಿತ್ತು. ಮೊದಲು ಹುಮ್ಮಸ್ಸಿನ ಮನುಷ್ಯ, ಆಮೇಲೆ ಮೌನಿ. ಎಂಡೆಲ್ ಟುಲ್ವಿಂಗ್ ಅನ್ನುವ ಮನಶ್ಶಾಸ್ತ್ರಜ್ಞರು ಅವರಿಗೆ ನಿಮ್ಮ ಸ್ವಭಾವ ಹೇಗೆ ಅಂತ ಒಂದು ಪಟ್ಟಿಯಲ್ಲಿ ಗುರುತು ಹಾಕಿಸಿದರು. ಅವರ ತಾಯಿಗೂ ಮಗ ಈಗ ಹೇಗಿದ್ದಾನೆ ಅಂತ ಕೇಳಿದರು. ಎರಡೂ ಚೆನ್ನಾಗಿ ತಾಳೆಯಾದವು. ಒಂದು ಘಟನೆಯೂ ನೆನಪಿಲ್ಲ, ಆದರೆ ತಾನು ಈಗ ಎಂಥವನು ಅಂತ ಗೊತ್ತಿದೆ. ಹಾಗಾದರೆ "ನನಗೆ ಏನೇನಾಯಿತು" ಅನ್ನುವ ನೆನಪು ಬೇರೆ, "ನಾನು ಎಂಥವನು" ಅನ್ನುವ ತಿಳಿವು ಬೇರೆ. ಎರಡೂ ಒಂದೇ ಕಣಜದಲ್ಲಿ ಇಲ್ಲ.

ಇನ್ನು, ನೆನಪು ಚೆನ್ನಾಗಿರುವವರ ನೆನಪೂ ಅಷ್ಟೇನೂ ಗಟ್ಟಿಯಲ್ಲ. 1986ರ ಜನವರಿ 28ರಂದು ಚಾಲೆಂಜರ್ ಆಕಾಶನೌಕೆ ಸಿಡಿಯಿತು. ಮಾರನೇ ಬೆಳಗ್ಗೆಯೇ ಅಮೆರಿಕದ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ನೀವು ಈ ಸುದ್ದಿಯನ್ನು ಎಲ್ಲಿ, ಯಾರಿಂದ ಕೇಳಿದಿರಿ ಅಂತ ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. ಕಾಲು ಭಾಗ ಜನ ಹೇಳಿದ್ದು ಪೂರಾ ಬೇರೆಯೇ ಆಗಿತ್ತು. ಅವರೇ ಬರೆದ ಹಳೆಯ ಹಾಳೆ ತೋರಿಸಿದರೂ ಕೆಲವರು ಒಪ್ಪಲಿಲ್ಲ. ಅಕ್ಷರ ನನ್ನದೇ, ಆದರೆ ನಡೆದದ್ದು ಹಾಗಲ್ಲ ಅಂದರಂತೆ ಒಬ್ಬರು! ಅವರು ಸುಳ್ಳು ಹೇಳುತ್ತಿರಲಿಲ್ಲ. ನೆನಪು ಪೆಟ್ಟಿಗೆಯಲ್ಲಿ ಮಡಿಚಿಟ್ಟ ಸೀರೆಯ ಹಾಗೆ ಇರುವುದಿಲ್ಲ. ತೆಗೆದಾಗಲೆಲ್ಲ ನಾವು ಅದನ್ನು ಮತ್ತೆ ನೇಯುತ್ತೇವೆ. ಮನೆಯಲ್ಲಿ ಹಿರಿಯರು ಒಂದು ಘಟನೆಯನ್ನು ತಪ್ಪಾಗಿ ಹೇಳಿದಾಗ ಹೌಹಾರುವ ಮುಂಚೆ ಇದು ನಮಗೆ ನೆನಪಿರಲಿ.

ಈಗ ಆ ಸುಗ್ಗಿಯ ರಾತ್ರಿಗೆ ಬರುತ್ತೇನೆ.

ಅಡಿಕೆ ಸುಲಿಯುವವರಿಗೆ ಕೂಲಿ ಅಳತೆಯ ಮೇಲೆ. ಎಷ್ಟು ಸುಲಿದರೋ ಅಷ್ಟು ದುಡ್ಡು. ನಾನು ಚಿಕ್ಕವನಿದ್ದಾಗಿನಿಂದ ಒಂದು ನೋಡಿದ್ದೆ. ದೊಡ್ಡಮ್ಮ ಯಾವಾಗಲೂ ಹೊಸದಾಗಿ ಬಂದ ಹುಡುಗಿಯ ಪಕ್ಕ, ಇಲ್ಲವೇ ಕಣ್ಣು ಮಂಜಾದ ಮುದುಕಿಯ ಪಕ್ಕ ಕೂರುತ್ತಿದ್ದಳು. ಮಾತಾಡುತ್ತಾ ಮಾತಾಡುತ್ತಾ ತಾನು ಸುಲಿದದ್ದರಲ್ಲಿ ಒಂದು ಬೊಗಸೆ ಅವರ ಬುಟ್ಟಿಗೆ ಹಾಕಿಬಿಡುತ್ತಿದ್ದಳು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಅವಳೂ ಆಡುತ್ತಿರಲಿಲ್ಲ.

ಆ ರಾತ್ರಿ ಅವಳ ಪಕ್ಕ ಕೂತಿದ್ದು ಮೊದಲ ವರ್ಷದ ಒಬ್ಬ ಹುಡುಗಿ. ದೊಡ್ಡಮ್ಮನಿಗೆ ಆ ಹುಡುಗಿ ಯಾರೆಂದು ಗೊತ್ತಿಲ್ಲ. ತಾನು ಯಾರ ಮನೆಯ ಅಂಗಳದಲ್ಲಿ ಕೂತಿದ್ದೇನೆ ಅಂತಲೂ ಗೊತ್ತಿಲ್ಲ. ಅರ್ಧ ಗಂಟೆ ಸುಲಿದಿರಬಹುದು. ಆಮೇಲೆ ಒಂದು ಬೊಗಸೆ ಎತ್ತಿ ಸುಮ್ನೆ ಆ ಹುಡುಗಿಯ ಬುಟ್ಟಿಗೆ ಹಾಕಿದಳು. ಹಾಕಿ, ಏನೂ ಆಗಿಲ್ಲ ಅನ್ನುವ ಹಾಗೆ ಇನ್ನೊಂದು ಅಡಿಕೆ ಕೈಗೆ ತೆಗೆದುಕೊಂಡಳು.

ನನ್ನ ಅಕ್ಕ, ಅಂದರೆ ಅವಳ ಮಗಳು, ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ತಾಯಿಗೆ ತನ್ನ ಹೆಸರು ಗೊತ್ತಿಲ್ಲ ಅಂತ ಒಂದು ವರ್ಷ ಅತ್ತವಳು ಅವಳು. "ಅಮ್ಮ ಇಲ್ಲೇ ಇದ್ದಾಳೆ" ಅಂದಳು.

ಅಕ್ಕ ಹೇಳಿದ್ದನ್ನು ಅಳೆದು ನೋಡಿದವರೂ ಇದ್ದಾರೆ. ನೀನಾ ಸ್ಟ್ರೋಮಿಂಜರ್ ಮತ್ತು ಶಾನ್ ನಿಕೋಲ್ಸ್ ಅನ್ನುವ ಇಬ್ಬರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮೂರು ಥರದ ಕಾಯಿಲೆಯವರ ಮನೆಯವರನ್ನು ಅವರು ಕೇಳಿದರು. ಒಂದು ಆಲ್ಝೈಮರ್. ಇನ್ನೊಂದು ಮೆದುಳಿನ ಮುಂಭಾಗ ಸವೆಯುವ ಡಿಮೆನ್ಷಿಯಾ. ಅದರಲ್ಲಿ ಮೊದಲು ನೆನಪಿಗಿಂತ ನಡತೆ ಕೆಡುತ್ತದೆ. ಮೂರನೆಯದು ಎಎಲ್ಎಸ್, ಅದರಲ್ಲಿ ಮೈಯ ಸ್ನಾಯು ಸೋಲುತ್ತವೆ, ಮನಸ್ಸು ಬಹುಮಟ್ಟಿಗೆ ಉಳಿಯುತ್ತದೆ. ಕೇಳಿದ್ದು ಇಷ್ಟು: ಇವರು ಈಗಲೂ ನಿಮಗೆ ಗೊತ್ತಿದ್ದ ಅದೇ ಮನುಷ್ಯ ಅಂತ ಅನ್ನಿಸುತ್ತದೆಯಾ? ಇಲ್ಲ, ಯಾರೋ ಬೇರೆಯವರ ಹಾಗೆ ಅನ್ನುವ ಮಾತು ಜಾಸ್ತಿ ಬಂದದ್ದು ನಡತೆ ಕೆಡುವ ಕಾಯಿಲೆಯವರ ಮನೆಯಿಂದ. ಆಲ್ಝೈಮರ್‌ನಲ್ಲಿ ಅದಕ್ಕಿಂತ ಕಮ್ಮಿ, ಎಎಲ್ಎಸ್‌ನಲ್ಲಿ ಎಲ್ಲಕ್ಕಿಂತ ಕಮ್ಮಿ. ಕರುಣೆ, ಪ್ರಾಮಾಣಿಕತೆ, ನಂಬಿಕೆಗೆ ಉಳಿಯುವುದು, ಇಂಥ ಗುಣಗಳು ಬದಲಾದಾಗ ಮನೆಯವರಿಗೆ ಇವರು ಅವರಲ್ಲ ಅನ್ನಿಸುತ್ತದೆ. ಬರೀ ನೆನಪು ಹೋದರೆ ಹಾಗೆ ಅನ್ನಿಸುವುದು ತೀರ ಕಮ್ಮಿ.

ನನ್ನ ಮಟ್ಟಿಗೆ ಈ ಒಂದು ಅಧ್ಯಯನ ಲಾಕ್‌ಗೆ ಕೊಟ್ಟ ಉತ್ತರ. ನಾವು ಒಬ್ಬರನ್ನು ಒಬ್ಬರು ಗುರುತು ಹಿಡಿಯುವುದು ಅವರೊಳಗಿನ ನೆನಪಿನಿಂದ ಅಲ್ಲ. ಅವರು ಪಕ್ಕದವರ ಬುಟ್ಟಿಗೆ ಏನು ಹಾಕುತ್ತಾರೆ ಅನ್ನುವುದರಿಂದ.

ಆದರೆ ಇದಕ್ಕೆ ಕಷ್ಟದ ಮಗ್ಗುಲೂ ಇದೆ. ನಡತೆಯೇ ಬದಲಾದರೆ? ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಫಿನಿಯಸ್ ಗೇಜ್ ಹೆಸರು ತಪ್ಪದೆ ಬರುತ್ತದೆ. 1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವ ಕೆಲಸ. ಮದ್ದು ಗಿಡಿಯುವ, ಮೂರೂವರೆ ಅಡಿಗಿಂತ ಉದ್ದದ, ಆರು ಕಿಲೋ ತೂಕದ ಕಬ್ಬಿಣದ ಹಾರೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಟುಹೋಯಿತು. ಬದುಕಿದ. ಆದರೆ ಮೊದಲು ಅಚ್ಚುಕಟ್ಟಾಗಿದ್ದವನು ಒರಟನಾದ, ಮಾತಿಗೆ ನಿಲ್ಲದವನಾದ. ಗೆಳೆಯರು "ಇವನು ಈಗ ಗೇಜ್ ಅಲ್ಲ" ಅಂದರು ಅಂತ ಅವನ ವೈದ್ಯ ಹಾರ್ಲೋ ಬರೆದರು. ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನಾನೂ ಎಷ್ಟೋ ವರ್ಷ ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ಗೇಜ್ ಆಮೇಲೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಪ್ರಯಾಣಿಕರನ್ನು ಕೂರಿಸಿಕೊಂಡು, ಹೊತ್ತಿಗೆ ಸರಿಯಾಗಿ ಹೊರಟು, ಹಲವು ಕುದುರೆಗಳನ್ನು ಒಟ್ಟಿಗೆ ಹಿಡಿದು ನಡೆಸುವ ಕೆಲಸ ಅದು. ಒರಟನಾಗಿಯೇ ಉಳಿದವನಿಗೆ ಆಗುವಂಥದ್ದಲ್ಲ. ಕೆಟ್ಟ ನಡತೆ ಕೆಲವು ಕಾಲದ್ದಾಗಿತ್ತು, ನಿಯಮದ ಕೆಲಸ ಅವನನ್ನು ಮತ್ತೆ ಕಟ್ಟಿ ನಿಲ್ಲಿಸಿತು ಅಂತ ಈಗ ಹಲವರು ಹೇಳುತ್ತಾರೆ. ಒಬ್ಬ ಮನುಷ್ಯ "ಅವನಲ್ಲ" ಅಂತ ತೀರ್ಪು ಕೊಡಲು ನಾವು ಎಷ್ಟು ಆತುರ ಮಾಡುತ್ತೇವೆ ನೋಡಿ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಒಂದು ವರ್ಷದವರಿದ್ದಾಗಿನ ನೆನಪಿದೆಯೇ? ಇರುವುದಿಲ್ಲ. ಮೊದಲ ಎರಡು ಮೂರು ವರ್ಷದ ನೆನಪು ಹೆಚ್ಚುಕಮ್ಮಿ ಯಾರಿಗೂ ಉಳಿಯುವುದಿಲ್ಲ. ಅಮೆರಿಕದಲ್ಲಿ 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಅನ್ನುವವರು ಮಕ್ಕಳ ಮೂಗಿನ ಪಕ್ಕ ಬಣ್ಣದ ಚುಕ್ಕೆ ಇಟ್ಟು ಕನ್ನಡಿ ಮುಂದೆ ಬಿಟ್ಟರು. ತೀರ ಚಿಕ್ಕವು ಕನ್ನಡಿಯೊಳಗೆ ಇನ್ನೊಂದು ಮಗು ಇದೆ ಅಂದುಕೊಂಡು ಆಡಿದವು. ಒಂದೂವರೆ ಎರಡು ವರ್ಷದ ಮಕ್ಕಳು ಮಾತ್ರ ಕೈಯನ್ನು ತಮ್ಮ ಮೂಗಿಗೆ ಒಯ್ದವು. ಅಂದರೆ ದೃಷ್ಟಿ ಬೊಟ್ಟು ಇಡಿಸಿಕೊಂಡ ಕೂಸಿಗೆ ಆ ಬೊಟ್ಟು ತನ್ನ ಕೆನ್ನೆಯದು ಅಂತ ಗೊತ್ತಿಲ್ಲ. ಅದು ಯಾರೆಂದು ಗೊತ್ತಿರುವುದು ಬೊಟ್ಟು ಇಟ್ಟವಳಿಗೆ. ಆ ವರ್ಷಗಳಲ್ಲಿ ನೀನು ಹೀಗಿದ್ದೆ, ಹೀಗೆ ಅಳುತ್ತಿದ್ದೆ, ಬೆಕ್ಕಿನ ಹಿಂದೆ ಅಂಬೆಗಾಲಿಡುತ್ತಿದ್ದೆ ಅಂತ ಇನ್ನೊಬ್ಬರು ನಮಗಾಗಿ ನೆನಪಿಟ್ಟುಕೊಂಡು, ಆಮೇಲೆ ನಮ್ಮ ಕೈಗೆ ಕೊಟ್ಟರು. ಅದನ್ನು ನಾವು ನಮ್ಮದೇ ಅಂತ ಇಟ್ಟುಕೊಂಡೆವು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಹೇಳಿದ್ದರು, ಒಬ್ಬ ಮನುಷ್ಯನನ್ನು ಎಷ್ಟು ಜನ ಗುರುತಿಸಿ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೋ ಅವನಿಗೆ ಅಷ್ಟು ಸಾಮಾಜಿಕ "ನಾನು"ಗಳು ಇರುತ್ತವೆ ಅಂತ. ಮರೆವಿನ ಕಾಯಿಲೆಯವರ ವಿಷಯದಲ್ಲಿ ಇದು ಬರೀ ಮಾತಲ್ಲ. ಅವರಿಂದ ಜಾರಿಹೋದ "ನಾನು" ನಮ್ಮಲ್ಲಿ ಇದೆ. ಅದಕ್ಕೇ ಹೇಳುವುದು, ಒಂದು ನೋಟ್‌ಬುಕ್ ಮಾಡಿ. ಕಾಫಿಗೆ ಎಷ್ಟು ಸಕ್ಕರೆ, ಯಾವ ಮಗ್ಗುಲಿಗೆ ಮಲಗುತ್ತಾರೆ, ಯಾವ ಹಾಡು ಹೇಳಿದರೆ ಕಣ್ಣು ಅರಳುತ್ತದೆ, ಯಾರು ಎದುರಿಗೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಎಲ್ಲ ಬರೆದಿಡಿ. ನಾಳೆ ಆಸ್ಪತ್ರೆಗೆ ಸೇರಿಸಿದರೆ, ಇಲ್ಲ ನೋಡಿಕೊಳ್ಳಲು ಹೊಸಬರು ಬಂದರೆ, ಅವರ ಕೈಗೆ ಮಾತ್ರೆ ಚೀಟಿಯ ಜೊತೆ ಅದನ್ನೂ ಕೊಡಿ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.

ಮೊದಲು ಎದ್ದವರು ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ. "ಸರ್, ನಿಮ್ಮ ದೊಡ್ಡಮ್ಮ ಅಡಿಕೆ ಕೊಟ್ಟರು. ನಮ್ಮತ್ತೆ ನನ್ನನ್ನ ಕಳ್ಳಿ ಅಂತಾರೆ. ಬಳೆ ಕದ್ದಿದ್ದೀಯ, ದುಡ್ಡು ಕದ್ದಿದ್ದೀಯ ಅಂತ ಬೀದಿಗೆ ಕೇಳೋ ಹಾಗೆ ಕೂಗ್ತಾರೆ. ಹದಿನೆಂಟು ವರ್ಷ ನನ್ನನ್ನ ಮಗಳ ಹಾಗೆ ನೋಡ್ಕೊಂಡವರು. ಅವರ ನಿಜವಾದ ಗುಣ ಈಗ ಹೊರಗೆ ಬಂತಾ?"

ಸಭೆ ಸ್ತಬ್ಧವಾಯಿತು. ನಾನು ಹೇಳಿದ್ದು ಇಷ್ಟು.

ಇಲ್ಲ ತಾಯಿ, ಹಾಗಲ್ಲ. ನಮ್ಮ ಮನಸ್ಸಿಗೆ ಒಂದು ಅಭ್ಯಾಸ ಇದೆ. ಕಾರಣ ಗೊತ್ತಿಲ್ಲದ ಕಡೆ ಅದು ಖಾಲಿ ಬಿಡುವುದಿಲ್ಲ, ಏನಾದರೊಂದು ಕಾರಣ ಕಟ್ಟುತ್ತದೆ. ಕೆಲವು ರೋಗಿಗಳಲ್ಲಿ ಮೆದುಳಿನ ಎಡ ಬಲ ಭಾಗಗಳ ನಡುವಿನ ಸೇತುವೆಯನ್ನು ಫಿಟ್ಸ್ ತಡೆಯಲು ಕತ್ತರಿಸುತ್ತಿದ್ದರು. ಅಂಥ ಒಬ್ಬನ ಮೇಲೆ ಮೈಕಲ್ ಗಜಾನಿಗ ಮತ್ತು ಜೋಸೆಫ್ ಲೆಡೂ ಒಂದು ಪರೀಕ್ಷೆ ಮಾಡಿದರು. ಎಡ ಮೆದುಳಿಗೆ ಕೋಳಿಯ ಕಾಲು ತೋರಿಸಿದರು, ಬಲ ಮೆದುಳಿಗೆ ಹಿಮ ತುಂಬಿದ ಮನೆ. ಮುಂದೆ ಇಟ್ಟ ಚಿತ್ರಗಳಲ್ಲಿ ಹೊಂದುವುದನ್ನು ಆರಿಸು ಅಂದರು. ಒಂದು ಕೈ ಕೋಳಿಯನ್ನು ಆರಿಸಿತು, ಇನ್ನೊಂದು ಕೈ ಹಿಮ ಎತ್ತುವ ಸಲಿಕೆಯನ್ನು ಆರಿಸಿತು. ಸಲಿಕೆ ಯಾಕೆ ಅಂತ ಕೇಳಿದರು. ಮಾತಾಡುವ ಎಡ ಮೆದುಳಿಗೆ ಹಿಮದ ವಿಷಯವೇ ಗೊತ್ತಿಲ್ಲ. ಆದರೂ ಅವನು ತಡವರಿಸಲಿಲ್ಲ. ಕೋಳಿ ಗೂಡು ಚೊಕ್ಕಟ ಮಾಡಲು ಸಲಿಕೆ ಬೇಕಲ್ಲ ಅಂದ. ಅವನು ಸುಳ್ಳುಗಾರನಲ್ಲ. ನಿಮ್ಮತ್ತೆಯೂ ಅಲ್ಲ. ಬಳೆಯನ್ನು ಅವರೇ ಎಲ್ಲೋ ಇಟ್ಟಿದ್ದಾರೆ. ಇಟ್ಟದ್ದು ಮರೆತಿದೆ. ಬಳೆ ಇಲ್ಲ ಅನ್ನುವುದು ಮಾತ್ರ ಕಣ್ಣ ಮುಂದೆ ಇದೆ. ಹಾಗಾದರೆ ಯಾರೋ ತೆಗೆದಿರಬೇಕು. ಇಡೀ ದಿನ ಹತ್ತಿರ ಇರುವವರು ನೀವು. ಬೈಗುಳ ನಿಮ್ಮ ಮೇಲೆ ಬೀಳುವುದು ಎಲ್ಲರಿಗಿಂತ ಹೆಚ್ಚು ಹೊತ್ತು ನೀವು ಅವರ ಜೊತೆ ಇರುವುದರಿಂದ. ಜಗಳ ಬೇಡ, ನಾನು ತೆಗೆದಿಲ್ಲ ಅಂತ ಸಾಬೀತು ಮಾಡಲೂ ಹೋಗಬೇಡಿ. "ಬನ್ನಿ ಅತ್ತೆ, ಇಬ್ಬರೂ ಹುಡುಕೋಣ" ಅನ್ನಿ. ಮತ್ತೆ, ದಿನಕ್ಕೆ ಎರಡು ಗಂಟೆಯಾದರೂ ಬೇರೆ ಯಾರಾದರೂ ಅವರ ಹತ್ತಿರ ಕೂರಲಿ. ಇದನ್ನು ನಿಮ್ಮ ಯಜಮಾನರಿಗೆ ನಾನು ಹೇಳಿದೆ ಅಂತ ಹೇಳಿ. ನೀವು ಸುಸ್ತಾಗಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ.

ಅವರು ಕೂತರು. ಪಕ್ಕದಲ್ಲಿದ್ದ ಪರಿಚಯವಿಲ್ಲದ ಹೆಂಗಸೊಬ್ಬರು ಅವರ ಕೈ ಹಿಡಿದುಕೊಂಡರು.

ಕೊನೆಗೆ ಒಬ್ಬ ಹಿರಿಯರು, ನಿವೃತ್ತ ಮೇಷ್ಟ್ರು, ಕೇಳಿದರು. "ಮರೆತವರು ಸತ್ತವರ ಹೆಸರಿಂದ ನಮ್ಮನ್ನು ಕರೀತಾರೆ. ಹೌದು ಅಂತ ಓಗೊಟ್ಟರೆ ಅದು ಸುಳ್ಳಲ್ಲವೇ? ತಿದ್ದುವುದು ನಮ್ಮ ಕರ್ತವ್ಯ ಅಲ್ಲವೇ?"

ದೊಡ್ಡಮ್ಮ ನನ್ನನ್ನು ಕೊನೆಯ ಮೂರು ವರ್ಷ ಮಾಬ್ಲ ಅಂತ ಕರೆಯುತ್ತಿದ್ದಳು. ಮಾಬ್ಲ ಅವಳ ತಮ್ಮ. ಸತ್ತು ನಲವತ್ತು ವರ್ಷ ಮೇಲಾಗಿತ್ತು. ಮೊದಲ ಸಲ ಹಾಗೆ ಕರೆದಾಗ ನಾನು ತಿದ್ದಿದೆ. "ದೊಡ್ಡಮ್ಮ, ಮಾಬ್ಲ ಮಾವ ಹೋಗಿ ಎಷ್ಟು ವರ್ಷ ಆಯ್ತು" ಅಂದೆ. ಅವಳು ಆ ಸುದ್ದಿಯನ್ನು ಅವತ್ತೇ ಮೊದಲು ಕೇಳಿದವಳ ಹಾಗೆ ಅತ್ತಳು. ಮಾರನೇ ದಿನ ಮರೆತಿದ್ದಳು, ಮತ್ತೆ ಮಾಬ್ಲ ಅಂದಳು. ನಾನು ಮತ್ತೆ ತಿದ್ದಿದೆ. ಮತ್ತೆ ಅತ್ತಳು. ಎರಡು ದಿನದಲ್ಲಿ ಎರಡು ಸಲ ಅವಳ ತಮ್ಮನನ್ನು ನಾನು ಸಾಯಿಸಿದ್ದೆ.

ಮೂರನೇ ದಿನ ಸಂಜೆ ಜಗಲಿಯಲ್ಲಿ ಕೂತಿದ್ದಳು. ನಾನು ಮೆಟ್ಟಿಲು ಹತ್ತುವುದನ್ನು ನೋಡಿ, "ಮಾಬ್ಲ, ತೋಟಕ್ಕೆ ನೀರು ಬಿಟ್ಯಾ?" ಅಂದಳು.

"ಬಿಟ್ಟೆ ಅಕ್ಕಾ" ಅಂದೆ.

"ಕೆಳಗಿನ ತೋಟಕ್ಕೂ?"

"ಕೆಳಗಿನದಕ್ಕೂ."

ಅವಳು ಕವಳದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.